ಅಂಕಿತವಿಲ್ಲದ ಹಾಡುಗಳು

ಧಾರವಾಡದ ನಿವೃತ್ತ ಗಣಿತ ಅಧ್ಯಾಪಕರೊಬ್ಬರು ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ಪಾಶ್ಚಾತ್ಯ ರಾಕ್ ಮತ್ತು ಜನಪದ ಗಾಯಕರ ಬಗ್ಗೆ ನಿಮ್ಮಲ್ಲಿ ಬರುವ ಅಂಕಣವನ್ನು ಒಂದು ವರ್ಷದಿಂದ ಓದುತ್ತಿದ್ದೇನೆ. ಯಾರಿಗೆ ಯಾವ ರಾಗ ಕನಸಿನಲ್ಲಿ ಹೊಳೆಯಿತು, ಯಾರ ಗಿಟಾರು ಎಷ್ಟು ಡಾಲರಿನದು, ಯಾರ ಮೇಲೆ ಯಾರು ದಾವೆ ಹೂಡಿದರು ಎಂಬ ಚಿಲ್ಲರೆ ಸಂಗತಿಗಳಿಂದ ಸಂಗೀತ ಅರ್ಥವಾಗುತ್ತದೆಯೇ? ಹಾಡು ಚೆನ್ನಾಗಿದ್ದರೆ ಕೇಳಬೇಕು, ಇಲ್ಲದಿದ್ದರೆ ಬಿಡಬೇಕು. ಮೂವತ್ತು ವರ್ಷ ಪೈಥಾಗೊರಸನ ಪ್ರಮೇಯ ಕಲಿಸಿದ್ದೇನೆ, ಅವನು ಯಾವ ತಟ್ಟೆಯಲ್ಲಿ ಉಂಡನೆಂದು ಒಂದು ದಿನವೂ ಹೇಳಿಲ್ಲ. ದಯವಿಟ್ಟು ಈ ಕಾಡುಹರಟೆ ನಿಲ್ಲಿಸಿ."

ಮಾನ್ಯರೇ,

ಕೋಪದಲ್ಲಿಯೂ ಒಂದು ಅಕ್ಷರ ಓರೆಯಾಗದಂತೆ ಬರೆಯಬಲ್ಲವರ ಪತ್ರಕ್ಕೆ ಎರಡು ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಮರ್ಯಾದೆಯಲ್ಲ. ಮೊದಲಿಗೆ ನಿಮ್ಮ ಪಾಲಿನ ನ್ಯಾಯವನ್ನು ಒಪ್ಪಿಸಿಬಿಡುತ್ತೇನೆ. ಇಂಥ ಬರಹಗಳಲ್ಲಿ ಹೊಟ್ಟು ಬಹಳ ಎಂಬುದು ನಿಜ. 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಗಾಯಕ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರು ಹಿಡಿದು ವೇದಿಕೆಗೆ ಬಂದಾಗ ಹಿರಿಯ ಗಾಯಕ ಪೀಟ್ ಸೀಗರ್ ಕೊಡಲಿ ಎತ್ತಿಕೊಂಡು ಮೈಕಿನ ತಂತಿ ಕಡಿಯಲು ಓಡಿದರು ಎಂದು ನಾವು ಅಚ್ಚು ಹಾಕಿದೆವು. ಕೈಯಲ್ಲಿ ಕೊಡಲಿ ಇದ್ದಿದ್ದರೆ ತಂತಿ ಕಡಿಯುತ್ತಿದ್ದೆ ಎಂದು ಸೀಗರ್ ಅಂದದ್ದು ಹೌದು. ಗದ್ದಲದಲ್ಲಿ ಹಾಡಿನ ಮಾತು ಕೇಳಿಸುತ್ತಿಲ್ಲವೆಂಬುದೇ ತಮ್ಮ ಸಿಟ್ಟಿಗೆ ಕಾರಣವೆಂದು ಅವರೇ ಆಮೇಲೆ ವಿವರಿಸಿದರು. ಬಾಯಲ್ಲಿದ್ದ ಕೊಡಲಿಯನ್ನು ನಾವು ಕೈಗೆ ಕೊಟ್ಟೆವು. ತಪ್ಪಾಯಿತು.

ನಿಮ್ಮ ಪಾಲು ಇಲ್ಲಿಗೆ ಮುಗಿಯಿತು. ಗಣಿತದ ಮೇಷ್ಟರಾಗಿ ನೀವು ಸಾಕ್ಷಿಗೆ ಪೈಥಾಗೊರಸನನ್ನೇ ಕರೆತರಬಾರದಿತ್ತು. ಅವನು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲಿ ಆ ಲೆಕ್ಕ ಬಳಕೆಯಲ್ಲಿತ್ತು, ನಮ್ಮ ಬೌಧಾಯನನ ಶುಲ್ಬಸೂತ್ರದಲ್ಲಿಯೂ ಇದೆ. ಹೆಸರು ಮಾತ್ರ ಗ್ರೀಕನಿಗೆ ಹೋಯಿತು. ಅದರಿಂದ ಪ್ರಮೇಯಕ್ಕೇನೂ ನಷ್ಟವಾಗಲಿಲ್ಲ, ಏಕೆಂದರೆ ಪ್ರಮೇಯಕ್ಕೆ ಬಾಡಿಗೆ ಕಟ್ಟಬೇಕಾದ ಮನೆಯಿಲ್ಲ. ಹಾಡು ಕಟ್ಟಿದವರಿಗೆ ಇರುತ್ತದೆ.

ಎಲಿಜಬೆತ್ ಕಾಟನ್ ಅವರ ಗಿಟಾರಿನ ಬೆಲೆ ಬರೆದದ್ದು ನಿಮಗೆ ರೇಗಿಸಿತು. ಆ ಬೆಲೆ 3.75 ಡಾಲರು. ಉತ್ತರ ಕ್ಯಾರೊಲೈನಾದ ಕಾರ್ಬರೊ ಎಂಬ ಊರಿನಲ್ಲಿ ರೈಲು ಹಳಿಯ ಪಕ್ಕದಲ್ಲಿ ಬೆಳೆದ ಆ ಆಫ್ರಿಕನ್ ಅಮೆರಿಕನ್ ಹುಡುಗಿ ಶಾಲೆ ಬಿಟ್ಟು ಪರರ ಮನೆಯಲ್ಲಿ ಕೆಲಸಕ್ಕೆ ನಿಂತಾಗ ತಿಂಗಳಿಗೆ ಸಿಗುತ್ತಿದ್ದದ್ದು 75 ಸೆಂಟು. ಈಗ ಭಾಗಾಕಾರ ಮಾಡಿ: ಒಂದು ಗಿಟಾರಿಗೆ ಐದು ತಿಂಗಳ ಪಾತ್ರೆ, ಕಸ, ಅಡುಗೆ. ಅವಳು ಎಡಗೈಯವಳು. ಬಲಗೈಯವರಿಗಾಗಿ ತಂತಿ ಕಟ್ಟಿದ ವಾದ್ಯವನ್ನು ತಲೆಕೆಳಗು ಮಾಡಿ ಹಿಡಿದು, ಮಂದ್ರದ ತಂತಿಗಳನ್ನು ಬೆರಳುಗಳಿಂದಲೂ ರಾಗವನ್ನು ಹೆಬ್ಬೆರಳಿನಿಂದಲೂ ನುಡಿಸಲು ತಾನೇ ಕಲಿತಳು. ಇಂದು ಗಿಟಾರು ಕಲಿಯುವವರು ಆ ಕ್ರಮವನ್ನು ಅವಳ ಹೆಸರಿನಿಂದಲೇ ಕರೆಯುತ್ತಾರೆ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಮನೆಯ ಹತ್ತಿರ ಹಾದುಹೋಗುವ ಗೂಡ್ಸ್ ಗಾಡಿಯ ಮೇಲೆ 'ಫ್ರೈಟ್ ಟ್ರೈನ್' ಎಂಬ ಹಾಡು ಕಟ್ಟಿದಳು. ಮದುವೆಯಾಯಿತು, ಚರ್ಚಿನ ಹಿರಿಯರಿಗೆ ಆ ಬಗೆಯ ಹಾಡು ಹಿಡಿಸಲಿಲ್ಲ, ಗಿಟಾರು ದಶಕಗಳ ಕಾಲ ಮೂಲೆ ಸೇರಿತು.

ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ದಾರಿ ತಪ್ಪಿ ಅಳುತ್ತಿದ್ದ ಮಗುವೊಂದನ್ನು ಆಕೆ ತಾಯಿಗೆ ಒಪ್ಪಿಸಿದರು. ಆ ಮಗು ಪೆಗ್ಗಿ ಸೀಗರ್, ಕೊಡಲಿಯ ಪೀಟ್ ಸೀಗರ್ ಅವರ ಮಲತಂಗಿ. ಅದೇ ಪರಿಚಯದಿಂದ ಆಕೆ ಸೀಗರ್ ಮನೆಗೆ ಅಡುಗೆಗೆ ಬಂದರು. ಜನಪದ ಹಾಡುಗಳನ್ನು ಸಂಗ್ರಹಿಸಿ ಸ್ವರಲಿಪಿ ಹಾಕುವುದೇ ಆ ಮನೆಯ ಕಸುಬು. ಒಲೆಯ ಮುಂದೆ ನಿಂತವರಲ್ಲಿ ಏನಿದೆಯೆಂದು ವರ್ಷಗಟ್ಟಲೆ ಆ ಮನೆಯವರಿಗೇ ತಿಳಿದಿರಲಿಲ್ಲ. ಒಂದು ದಿನ ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಇಳಿಸಿ ಆಕೆ ತಲೆಕೆಳಗಾಗಿ ನುಡಿಸುತ್ತಿದ್ದುದನ್ನು ಮಕ್ಕಳು ಕಂಡರು. ಪೆಗ್ಗಿ ದೊಡ್ಡವಳಾಗಿ ಇಂಗ್ಲೆಂಡಿಗೆ ಹೋದಾಗ ಆ ಹಾಡನ್ನು ಅಲ್ಲಿ ಹಾಡಿದಳು. ಕೇಳಿದ ಇಬ್ಬರು ಅದನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡರು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ಮತ್ತು ನ್ಯಾನ್ಸಿ ವಿಸ್ಕಿ ಅವರ ಧ್ವನಿಮುದ್ರಿಕೆ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಹಾಡಿನ ಒಡತಿ ಆಗ ಅರವತ್ತು ದಾಟಿದ ಮನೆಗೆಲಸದಾಕೆ. ಆಕೆಯ ಹೆಸರು ಹಾಡಿಗೆ ಮರಳಿದ್ದು ಸೀಗರ್ ಮನೆಯವರು ಹಟ ಹಿಡಿದದ್ದರಿಂದ, ಮತ್ತು ಅಡುಗೆಮನೆ, ಕಳೆದುಹೋದ ಮಗು, ತಲೆಕೆಳಗಾದ ಗಿಟಾರು ಎಂಬ ಚಿಲ್ಲರೆ ಸಂಗತಿಗಳನ್ನು ಜನ ಹೇಳುತ್ತ ಬಂದದ್ದರಿಂದ. ತೊಂಬತ್ತು ದಾಟಿದ ಮೇಲೆ, 1985ರಲ್ಲಿ, ಅವರಿಗೆ ಗ್ರ್ಯಾಮಿ ಬಂತು.

ನಮ್ಮ ದಾಸರೂ ಶರಣರೂ ಈ ವಿಷಯದಲ್ಲಿ ಮುಂದಾಲೋಚನೆಯವರು. ಹಾಡಿನ ಕೊನೆಗೆ ಪುರಂದರವಿಠಲ ಎಂದೋ ಶಿಶುನಾಳಧೀಶ ಎಂದೋ ಅಂಕಿತ ಹೆಣೆದುಬಿಟ್ಟರು. ಕದಿಯುವವನು ಹೆಸರು ಕೀಳಲು ಹೋದರೆ ಪ್ರಾಸವೇ ಕಿತ್ತುಬರುತ್ತದೆ. ಅಂಕಿತವಿಲ್ಲದ ಹಾಡಿಗೆ ಆ ಭದ್ರತೆ ಇಲ್ಲ. ಯಾರು, ಎಲ್ಲಿ, ಯಾರಿಂದ ಕಲಿತರು ಎಂಬ ಕಥೆಯೇ ಅದರ ಅಂಕಿತ.

ದೊಡ್ಡ ದಂತಕಥೆಯೂ ಸಣ್ಣ ಸಂಗತಿಯೂ ಒಂದೇ ಎಂದು ನೀವು ಬಗೆದಂತಿದೆ. ಅವೆರಡೂ ಪರಸ್ಪರ ಶತ್ರುಗಳು. ಮಿಸಿಸಿಪಿಯ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ 29 ಹಾಡುಗಳನ್ನು ಧ್ವನಿಮುದ್ರಿಸಿ 1938ರಲ್ಲಿ 27ರ ಹರೆಯದಲ್ಲಿ ತೀರಿಕೊಂಡ. ಮೊದಲು ಗಿಟಾರು ಹಿಡಿಯಲು ಬಾರದಿದ್ದ ಹುಡುಗ ಕೆಲವು ಕಾಲ ಕಣ್ಮರೆಯಾಗಿ ಮರಳಿದಾಗ ಹಿರಿಯರೆಲ್ಲ ಬೆಪ್ಪಾಗುವಂತೆ ನುಡಿಸಿದನೆಂದೂ, ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿದ್ದನೆಂದೂ ಲೋಕವೆಲ್ಲ ಹೇಳುತ್ತದೆ. ಕಣ್ಮರೆಯಾದ ದಿನಗಳಲ್ಲಿ ಅವನು ಬೋರೆಗಾರ್ಡ್ ಎಂಬಲ್ಲಿ ಐಕ್ ಜಿಮ್ಮರ್‌ಮನ್ ಎಂಬ ಗಿಟಾರು ವಾದಕನ ಮನೆಯಲ್ಲಿ ಉಳಿದು ಪಾಠ ಕಲಿಯುತ್ತಿದ್ದ. ರಾತ್ರಿ ಹೊತ್ತು ಇಬ್ಬರೂ ಸ್ಮಶಾನಕ್ಕೆ ಹೋಗಿ ಗೋರಿಕಲ್ಲುಗಳ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದರು, ಅಲ್ಲಿ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ ಎಂದು ಜಿಮ್ಮರ್‌ಮನ್ನನ ಮಗಳು ಎಷ್ಟೋ ವರ್ಷಗಳ ಮೇಲೆ ಸಂಶೋಧಕರಿಗೆ ಹೇಳಿದಳು. ದಂತಕಥೆ ಗುರುದಕ್ಷಿಣೆಯನ್ನು ಸೈತಾನನಿಗೆ ಕೊಟ್ಟಿತು. ಗುರುವಿನ ಹೆಸರನ್ನು ಉಳಿಸಿದ್ದು ಮಗಳ ಸಣ್ಣ ನೆನಪು. ನೀವೂ ಮೇಷ್ಟರು, ಯಾವ ಕಥೆ ನಿಮಗೆ ಹತ್ತಿರವಾಗಬೇಕು?

ಇನ್ನೊಂದು ಉದಾಹರಣೆಯನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಡೆಟ್ರಾಯಿಟಿನ ಗಾಯಕ ರೊಡ್ರಿಗೆಜ್ 1970ರಲ್ಲಿ 'ಕೋಲ್ಡ್ ಫ್ಯಾಕ್ಟ್' ಎಂಬ ಆಲ್ಬಮ್ ಮಾಡಿ, ಅಮೆರಿಕದಲ್ಲಿ ಅದು ಮಾರಾಟವಾಗದೆ ಹೋದಾಗ ಹಳೆಯ ಕಟ್ಟಡ ಕೆಡವುವ ಕೂಲಿಗೆ ಹೋದರು. ಅತ್ತ ದಕ್ಷಿಣ ಆಫ್ರಿಕಾದಲ್ಲಿ ಅವರ ಹಾಡು ಮನೆಮನೆ ಸೇರಿತ್ತು. ಅವರು ವೇದಿಕೆಯ ಮೇಲೆಯೇ ಪ್ರಾಣ ಕಳೆದುಕೊಂಡರೆಂಬ ಗಾಳಿಮಾತು ಅದರ ಜೊತೆಯಲ್ಲಿ ಹಬ್ಬಿತ್ತು. ಹಾಡೊಂದರಲ್ಲಿ ಬರುವ ಡಿಯರ್‌ಬಾರ್ನ್ ಎಂಬ ಊರಿನ ಹೆಸರನ್ನು ಹಿಡಿದು, ಅದು ಡೆಟ್ರಾಯಿಟಿನ ಪಕ್ಕದಲ್ಲಿದೆಯೆಂದು ಭೂಪಟದಲ್ಲಿ ಕಂಡುಕೊಂಡ ಅಭಿಮಾನಿಗಳು ಜೀವಂತ ಮನುಷ್ಯನನ್ನು ಪತ್ತೆ ಮಾಡಿದರು. 1998ರಲ್ಲಿ ಅವರು ಅಲ್ಲಿಗೆ ಹೋಗಿ ಹಾಡಿದರು.

'ದ ಹೌಸ್ ಆಫ್ ದ ರೈಸಿಂಗ್ ಸನ್' ನೀವು ಕೇಳಿಯೇ ಇರುತ್ತೀರಿ. 1937ರಲ್ಲಿ ಕೆಂಟಕಿಯ ಮಿಡಲ್ಸ್‌ಬರೊದಲ್ಲಿ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅದನ್ನು ಹದಿನಾರು ವರ್ಷದ ಜಾರ್ಜಿಯಾ ಟರ್ನರ್ ಬಾಯಿಂದ ಧ್ವನಿಮುದ್ರಿಸಿಕೊಂಡರು. ಗಣಿ ಕೂಲಿಗಾರನ ಮಗಳು. ನ್ಯೂಯಾರ್ಕಿನಲ್ಲಿ ಡೇವ್ ವಾನ್ ರಾಂಕ್ ಎಂಬ ಗಾಯಕ ಅದಕ್ಕೆ ಹೊಸ ಹೊಂದಿಕೆ (ಅರೇಂಜ್‌ಮೆಂಟ್) ಕೂಡಿಸಿ ಹಾಡುತ್ತಿದ್ದರು. ಒಂದು ದಿನ ಎಳೆಯ ಡಿಲನ್ ಬಂದು, ನಿಮ್ಮ ಹೊಂದಿಕೆಯನ್ನು ನನ್ನ ರೆಕಾರ್ಡಿಗೆ ಹಾಕಿಕೊಳ್ಳಲೇ ಎಂದ. ನಾನೇ ಮಾಡಬೇಕೆಂದಿದ್ದೇನೆ, ಸ್ವಲ್ಪ ತಾಳು ಎಂದರೆ, ಅಯ್ಯೋ, ಆಗಲೇ ಹಾಡಿಬಿಟ್ಟಿದ್ದೇನಲ್ಲ ಎಂದ. ಆ ಮೇಲೆ ವಾನ್ ರಾಂಕ್ ಹಾಡಿದರೆ ಜನ ಡಿಲನ್ನನ ಹಾಡು ಎನ್ನತೊಡಗಿದರು; ಅವರು ಹಾಡುವುದನ್ನೇ ಬಿಟ್ಟರು. 1964ರಲ್ಲಿ ಇಂಗ್ಲೆಂಡಿನ ಆ್ಯನಿಮಲ್ಸ್ ತಂಡ ಅದನ್ನು ಹಾಡಿ ಅಟ್ಲಾಂಟಿಕ್ಕಿನ ಎರಡೂ ದಡದಲ್ಲಿ ಮೊದಲ ಸ್ಥಾನಕ್ಕೆ ತಂದಾಗ, ಡಿಲನ್ ಹಾಡಿದರೆ ಆ್ಯನಿಮಲ್ಸ್ ಹಾಡು ಎನ್ನುವವರು ಹುಟ್ಟಿದರು, ಅವನೂ ಬಿಟ್ಟ. ವಾನ್ ರಾಂಕ್ ಇದನ್ನು ನಗುತ್ತಲೇ ಹೇಳಿಕೊಳ್ಳುತ್ತಿದ್ದರು.

ಆ್ಯನಿಮಲ್ಸ್ ತಂಡದಲ್ಲಿ ಐವರು. ಹಿಲ್ಟನ್ ವ್ಯಾಲೆಂಟೈನ್ ಗಿಟಾರಿನಲ್ಲಿ ಒಂದೊಂದೇ ತಂತಿ ಮೀಟಿ ಆರಂಭಿಸುವ ಆ ನಾದವನ್ನು ಇಂದಿಗೂ ಕಲಿಯದ ವಿದ್ಯಾರ್ಥಿಯಿಲ್ಲ. ಆದರೆ ಲೇಬಲ್ಲಿನ ಮೇಲೆ ಹೊಂದಿಕೆಗಾರನೆಂದು ಅಚ್ಚಾದದ್ದು ಆರ್ಗನ್ ನುಡಿಸಿದ ಅಲನ್ ಪ್ರೈಸ್ ಒಬ್ಬನ ಹೆಸರು. ಐದು ಹೆಸರಿಗೆ ಲೇಬಲ್ಲಿನಲ್ಲಿ ಜಾಗವಿಲ್ಲವೆಂದು ತಮಗೆ ಹೇಳಿದರೆಂಬುದು ಉಳಿದವರ ದೂರು. ರಾಯಧನವೂ ಆ ಒಂದೇ ಹೆಸರಿಗೆ ಹೋಯಿತು. ನಾನು ವಿದ್ಯಾರ್ಥಿಯಾಗಿದ್ದಾಗ ಮೆಜೆಸ್ಟಿಕ್ಕಿನ ಹತ್ತಿರದ ಪುಟ್ಟ ಅಂಗಡಿಯೊಂದರಲ್ಲಿ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿಕೊಳ್ಳುತ್ತಿದ್ದೆ. ಅಂಗಡಿಯ ಹುಡುಗ ಡಬ್ಬಿಯೊಳಗಿನ ಗೀಟಿನ ಕಾಗದದ ಮೇಲೆ ಬಾಲ್‌ಪೆನ್ನಿನಲ್ಲಿ ಹಾಡುಗಳ ಹೆಸರು ಬರೆಯುತ್ತ ಹೋಗಿ, ಜಾಗ ಮುಗಿದಲ್ಲಿ 'ಇತ್ಯಾದಿ' ಎಂದು ಬರೆದು ಗೀಟು ಎಳೆಯುತ್ತಿದ್ದ. ವ್ಯಾಲೆಂಟೈನನ ಕಥೆ ಓದಿದಾಗಲೆಲ್ಲ ನನಗೆ ಆ 'ಇತ್ಯಾದಿ' ನೆನಪಾಗುತ್ತದೆ.

ಕ್ಲೇರ್ ಟೋರಿ ಆ ಇತ್ಯಾದಿಯೊಳಗೆ ಉಳಿಯಲು ಒಪ್ಪಲಿಲ್ಲ. 1973ರ ಜನವರಿಯ ಒಂದು ಭಾನುವಾರ ಪಿಂಕ್ ಫ್ಲಾಯ್ಡ್ ತಂಡದವರು ಆಕೆಯನ್ನು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋಗೆ ಕರೆಸಿ, ಮಾತಿಲ್ಲದ ಹಾಡು, ಸಾವಿನ ಕುರಿತು, ಏನಾದರೂ ಹಾಡು ಎಂದರು. ಆಕೆ ತನ್ನ ಕಂಠವನ್ನು ಒಂದು ವಾದ್ಯವೆಂದು ಬಗೆದು ಆಲಾಪ ಮಾಡಿದರು. ಭಾನುವಾರದ ದುಪ್ಪಟ್ಟು ಕೂಲಿ ಸೇರಿ 30 ಪೌಂಡು ಕೈಗೆ ಬಂತು. ಇದನ್ನು ಯಾರು ಬಳಸಿಕೊಳ್ಳುತ್ತಾರೆ ಎಂದುಕೊಂಡೇ ಆಕೆ ಮನೆಗೆ ಹೋದರು. 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮಿನಲ್ಲಿ ಗಾಯಕಿಯೆಂದು ಹೆಸರಿತ್ತು, ಸಂಯೋಜಕಿಯೆಂದಲ್ಲ. 2004ರಲ್ಲಿ ದಾವೆ ಹೂಡಿದರು, ಮರುವರ್ಷ ರಾಜಿಯಾಯಿತು. ಈಗ ತಂಡದ ರಿಚರ್ಡ್ ರೈಟ್ ಪಕ್ಕದಲ್ಲಿ ಅವರ ಹೆಸರೂ ಅಚ್ಚಾಗುತ್ತದೆ. ದಾವೆಗಳ ಬಗ್ಗೆ ಏಕೆ ಬರೆಯುತ್ತೀರಿ ಎಂದು ಕೇಳಿದಿರಲ್ಲ, ಇದಕ್ಕೇ. ಆಲಾಪ ಮಾಡಿದವಳು ಕೂಲಿಯವಳೋ ಕೃತಿಕಾರಳೋ ಎಂಬ ಪ್ರಶ್ನೆಗಿಂತ ಒಳಹೊಕ್ಕ ಸಂಗೀತ ವಿಶ್ಲೇಷಣೆ ಯಾವುದಿದೆ? 'ಎ ವೈಟರ್ ಶೇಡ್ ಆಫ್ ಪೇಲ್' ಹಾಡಿನ ಆರ್ಗನ್ ರಾಗ ಹೆಣೆದ ಮ್ಯಾಥ್ಯೂ ಫಿಷರ್ ಅವರಿಗೆ, 1967ರ ಹಾಡಿಗೆ, 2009ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಪಾಲು ದಕ್ಕಿಸಿಕೊಟ್ಟಿತು.

ಕನಸಿನ ರಾಗದ ವಿಷಯವೂ ಇದೇ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ನಿದ್ದೆಯಿಂದ ಎದ್ದಾಗ 'ಯೆಸ್ಟರ್‌ಡೇ' ರಾಗ ತಲೆಯಲ್ಲಿತ್ತು ಎಂಬುದು ಕಥೆಯ ಸಪ್ಪೆ ಭಾಗ. ಇದು ಯಾರದೋ ಹಳೆಯ ರಾಗ ನನ್ನ ತಲೆಗೆ ಬಂದಿರಬೇಕೆಂದು ಹೆದರಿ ವಾರಗಟ್ಟಲೆ ಕಂಡಕಂಡವರ ಮುಂದೆ ನುಡಿಸಿ, ಇದನ್ನು ಎಲ್ಲಾದರೂ ಕೇಳಿದ್ದೀರಾ ಎಂದು ವಿಚಾರಿಸಿದ ಎಂಬುದು ರುಚಿಯ ಭಾಗ. ಗೆಳೆಯ ಜಾರ್ಜ್ ಹ್ಯಾರಿಸನ್‌ಗೆ ಆ ಹೆದರಿಕೆ ಹುಟ್ಟಲಿಲ್ಲ. 'ಮೈ ಸ್ವೀಟ್ ಲಾರ್ಡ್' 1963ರ 'ಹೀ ಈಸ್ ಸೋ ಫೈನ್' ಹಾಡಿನ ಅರಿವಿಲ್ಲದ ನಕಲೆಂದು 1976ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಆ ಹಳೆಯ ಹಾಡಿನ ಹಕ್ಕನ್ನು ಹ್ಯಾರಿಸನ್‌ನ ಮಾಜಿ ಮ್ಯಾನೇಜರ್ ಅಲನ್ ಕ್ಲೈನ್ ಕೊಂಡುಕೊಂಡು ಅವರಿಬ್ಬರ ಜಗಳ ವರ್ಷಗಟ್ಟಲೆ ನಡೆಯಿತು. ಆ ಹಳೆಯ ಹಾಡನ್ನು ಬರೆದ ರಾನಿ ಮ್ಯಾಕ್ ಹಾಡು ಗೆದ್ದ ವರ್ಷವೇ, ಇಪ್ಪತ್ತರ ಹರೆಯದಲ್ಲಿಯೇ, ತೀರಿಕೊಂಡಿದ್ದ. ಇಷ್ಟು ದೊಡ್ಡ ಮೊಕದ್ದಮೆಯ ಸುದ್ದಿಯಲ್ಲಿ ಅವನ ಹೆಸರು ಹೇಳಿದವರು ಬೆರಳೆಣಿಕೆ.

ಈಗಿನ ಸ್ಥಿತಿ ಇನ್ನೂ ಕೆಟ್ಟಿದೆ. ಎಲ್‌ಪಿಯ ಹೊದಿಕೆಯ ಹಿಂಬದಿಯಲ್ಲಿ ಒಂದಿಷ್ಟು ಬರಹವಿರುತ್ತಿತ್ತು, ಕ್ಯಾಸೆಟ್ಟಿನಲ್ಲಿ ಅದು ಅಂಗೈಯಗಲವಾಯಿತು, ಮೊಬೈಲಿನಲ್ಲಿ ಹಾಡಿನ ಹೆಸರೂ ತಾರೆಯ ಹೆಸರೂ ಉಳಿದು ಮಿಕ್ಕವರು ಮೂರು ಚುಕ್ಕೆಯ ಹಿಂದೆ ಅಡಗಿದರು. ನಮ್ಮ ಆಕಾಶವಾಣಿಯ ಉದ್ಘೋಷಕರು ಚಿತ್ರ ಇಂಥದ್ದು, ಸಾಹಿತ್ಯ ಇವರದು, ಸಂಗೀತ ಇವರದು, ಹಾಡಿದವರು ಇವರು ಎಂದು ಹೇಳದೆ ಹಾಡು ಬಿಡುತ್ತಿರಲಿಲ್ಲ. ಈಗಿನ ರೇಡಿಯೋ ಹರಟೆಯಲ್ಲಿ ಟ್ರಾಫಿಕ್ಕಿಗೆ ಇರುವ ಜಾಗ ಕವಿಗೆ ಇಲ್ಲ. ವೇದಿಕೆಯಲ್ಲಿ ಕರ್ತೃ ಗೊತ್ತಿಲ್ಲದ್ದೆಲ್ಲವೂ, ಗೊತ್ತಿದ್ದರೂ ಹೇಳಲು ಸೋಮಾರಿತನವಾದದ್ದೆಲ್ಲವೂ ಜಾನಪದ. ಪರರನ್ನೇಕೆ ಆಡಿಕೊಳ್ಳಲಿ, ಕೊನೆಯ ಸಾಲಿನಲ್ಲಿ ಅಂಕಿತ ಎದ್ದು ಕಾಣುವ ತತ್ತ್ವಪದವೊಂದರ ಕೆಳಗೆ ನಮ್ಮದೇ ಪತ್ರಿಕೆ 'ಜಾನಪದ ಗೀತೆ' ಎಂದು ಅಚ್ಚು ಮಾಡಿ ಓದುಗರಿಂದ ಬೈಸಿಕೊಂಡಿದೆ. ಕರಡು ತಿದ್ದಿದವನು ನಾನೇ.

ಆದ್ದರಿಂದ ಅಂಕಣ ನಿಲ್ಲುವುದಿಲ್ಲ. ನಿಮ್ಮ ಪತ್ರದ ಅಂಚಿನಲ್ಲಿ, ಪ್ರಾಯಶಃ ಕೋಪ ಇಳಿದ ಮೇಲೆ, ಸಣ್ಣಕ್ಷರದಲ್ಲಿ ನೀವು ಸೇರಿಸಿದ ಒಂದು ಸಾಲು ನನಗೆ ಉಳಿದ ನಾಲ್ಕು ಪುಟಗಳಿಗಿಂತ ಇಷ್ಟವಾಯಿತು: ಮೊದಲ ಸಂಬಳದಲ್ಲಿ ಪರಿಚಯದವರ ಮೂಲಕ ಹೊರದೇಶದಿಂದ ತರಿಸಿದ ಲೆಡ್ ಜೆಪ್ಪೆಲಿನ್ ತಂಡದ ಮೊದಲ ಎಲ್‌ಪಿ ಇನ್ನೂ ನಿಮ್ಮಲ್ಲಿದೆ, ಹೊದಿಕೆಯ ಮೇಲೆ ನಿಮ್ಮ ಮನೆಯವರು ಚಹಾದ ಲೋಟ ಇಟ್ಟ ಉಂಗುರದ ಕಲೆ ಸಹಿತ. ಇದಕ್ಕಿಂತ ಚಿಲ್ಲರೆ ಸಂಗತಿಯನ್ನು ನಮ್ಮ ಅಂಕಣ ಇಂದಿನವರೆಗೆ ಪ್ರಕಟಿಸಿಲ್ಲ.

ಆ ರೆಕಾರ್ಡನ್ನು ಹೊರತೆಗೆದು ಮೊದಲ ಬದಿಯ ಎರಡನೆಯ ಹಾಡಿನ ಕೆಳಗೆ ಏನಿದೆ ನೋಡಿ. ಹಾಡು 'ಬೇಬ್ ಐಯಾಮ್ ಗೊನ್ನಾ ಲೀವ್ ಯೂ'. ಹಳೆಯ ಪ್ರತಿಯಾದ್ದರಿಂದ ಅದು ಸಾಂಪ್ರದಾಯಿಕ ಗೀತೆಯೆಂದೂ ಹೊಂದಿಕೆ ತಂಡದ ಗಿಟಾರು ವಾದಕ ಜಿಮ್ಮಿ ಪೇಜ್ ಅವರದೆಂದೂ ಬರೆದಿರುತ್ತದೆ. ಸಂಪ್ರದಾಯವೂ ಅಲ್ಲ, ಏನೂ ಅಲ್ಲ. 1950ರ ದಶಕದ ಕೊನೆಯಲ್ಲಿ ಬರ್ಕ್ಲಿಯ ವಿದ್ಯಾರ್ಥಿನಿಯಾಗಿದ್ದ ಆ್ಯನ್ ಬ್ರೆಡನ್ ಅದನ್ನು ಬರೆದರು. ಕೇಳಿದವರಿಂದ ಕೇಳಿ ಗಾಯಕಿ ಜೋನ್ ಬಾಯೆಜ್ 1962ರಲ್ಲಿ ಹಾಡಿದರು, ಆ ರೆಕಾರ್ಡಿನಿಂದ ಪೇಜ್ ಕಲಿತರು. ಲೋಕವೆಲ್ಲ ತನ್ನ ಹಾಡನ್ನು ಕೇಳುತ್ತಿರುವುದು 1980ರ ದಶಕದವರೆಗೂ ಬ್ರೆಡನ್ನರಿಗೆ ತಿಳಿಯಲಿಲ್ಲ. 1990ರ ನಂತರದ ಪ್ರತಿಗಳಲ್ಲಿ ಮಾತ್ರ ಅವರ ಹೆಸರಿದೆ. ನಿಮ್ಮ ಅಕ್ಷರ ಸಣ್ಣದು, ಸ್ಪಷ್ಟವಾದದ್ದು. ಆ ಲೇಬಲ್ಲಿನ ಮೇಲೆ ಇನ್ನೊಂದು ಹೆಸರಿಗೆ ಜಾಗವಿದೆಯೇ ಎಂದು ಅಳೆದು ನೋಡಿ ಒಂದು ಕಾರ್ಡು ಹಾಕಿ.

ಸಂಪಾದಕ