ಓದುಗರ ಪ್ರಶ್ನೆ: ಥಂಡಿಗೆ ಅಳಿಸಿಹೋದ ಹದಿನೇಳನೇ ಪದ

ಪ್ರಶ್ನೆ: ಲೆಡ್ಜರ್ ನ್ಯಾನೊ ಎಸ್ ಪ್ಲಸ್ ಎಂಬ ಪೆನ್‌ಡ್ರೈವ್‌ನಂಥ ವಾಲೆಟ್ ಸಾಧನದಲ್ಲಿ ಸ್ವಲ್ಪ ಬಿಟ್‌ಕಾಯಿನ್ ಇಟ್ಟು ಒಂದೂವರೆ ವರ್ಷ ಮುಟ್ಟಿರಲಿಲ್ಲ. ಪಿನ್ ಮರೆತು ಮೂರು ಸಲ ತಪ್ಪು ಒತ್ತಿದೆ. ಈಗ ಹೊಸದಾಗಿ ಕೊಂಡ ವಾಲೆಟ್‌ನಂತೆ ಮೊದಲಿನಿಂದ ಶುರು ಮಾಡಲು ಹೇಳುತ್ತಿದೆ. ಶುರುವಿನಲ್ಲಿ ವಾಲೆಟ್ ತೋರಿಸಿದ 24 ಪದ ಬರೆದ ಚೀಟಿ ಬೀರುವಿನಲ್ಲಿತ್ತು. ಮಳೆಗಾಲದ ಥಂಡಿಗೆ ಶಾಯಿ ಹರಡಿ 17ನೇ ಪದ ಓದಲು ಬರುತ್ತಿಲ್ಲ. ದುಡ್ಡು ಹೋಯಿತೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹೋಗಿಲ್ಲ. ಮೂರು ಸಲ ಪಿನ್ ತಪ್ಪಿದರೆ ಲೆಡ್ಜರ್ ತನ್ನೊಳಗಿನ ಕೀಲಿಯನ್ನು ಅಳಿಸಿಕೊಳ್ಳುತ್ತದೆ; ಕಳ್ಳನ ಕೈಗೆ ಸಿಕ್ಕರೂ ತೆರೆಯಬಾರದೆಂದೇ ಹಾಗೆ ಮಾಡಿದ್ದಾರೆ. ನಾಣ್ಯ ಇರುವುದು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕಪುಸ್ತಕದಲ್ಲಿ. ಅದನ್ನು ತೆರೆಯುವ ಕೀಲಿ ಹುಟ್ಟುವುದು ಆ 24 ಪದಗಳಿಂದ. ನಿಮ್ಮ ಬಳಿ 23 ಇವೆ.

ಈ ಪದಗಳೆಲ್ಲ ಬಿಐಪಿ-39 ಎಂಬ 2048 ಇಂಗ್ಲಿಷ್ ಪದಗಳ ಪಟ್ಟಿಯವು. ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲ. ಆದ್ದರಿಂದ ಚೀಟಿಯ ಹಿಂದೆ ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ನೋಡಿ ಮೊದಲೆರಡು ಅಕ್ಷರ ಗುರುತಿಸಿದರೂ ಅರ್ಧ ಕೆಲಸ ಮುಗಿದಂತೆ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡೋಣ ಅಂತ ಮಾತ್ರ ಹೋಗಬೇಡಿ. ಆ ಫೋಟೊ ನಿಮಗೆ ಗೊತ್ತಿಲ್ಲದೆಯೇ ಗೂಗಲ್ ಖಾತೆಗೆ ಏರಿ ಕೂತಿರಬಹುದು.

ಏನೂ ಕಾಣದಿದ್ದರೆ 2048 ಪದಗಳನ್ನೂ 17ನೇ ಜಾಗದಲ್ಲಿ ಕೂರಿಸಿ ನೋಡಬೇಕು. ಪದಗಳೆಲ್ಲ ಸರಿಯೇ ಎಂದು ಪರೀಕ್ಷಿಸುವ 8 ಬಿಟ್‌ನ ತಾಳೆ (ಚೆಕ್‌ಸಮ್) ಕೊನೆಯ ಪದದಲ್ಲಿ ಅಡಗಿರುವುದರಿಂದ 256ಕ್ಕೆ ಒಂದರಂತೆ ಮಾತ್ರ ಹೊಂದುತ್ತದೆ. ಅಂದರೆ ಉಳಿಯುವುದು ಸುಮಾರು ಎಂಟು ಪದ. (12 ಪದಗಳ ಚೀಟಿಯಾದರೆ ತಾಳೆ ಬರೀ 4 ಬಿಟ್, ಸುಮಾರು 128 ಉಳಿಯುತ್ತವೆ.) ಈ ಲೆಕ್ಕವನ್ನು ಬಿಟಿಸಿರಿಕವರ್ ಎಂಬ ಉಚಿತ ತಂತ್ರಾಂಶ ಮಾಡುತ್ತದೆ. ಹಳೆಯ ಲ್ಯಾಪ್‌ಟಾಪನ್ನು ಪೆನ್‌ಡ್ರೈವ್‌ನಲ್ಲಿರುವ ಲಿನಕ್ಸ್‌ನಿಂದ ಶುರುಮಾಡಿ, ವೈಫೈ ಆರಿಸಿ, ನೆಟ್ ಕೇಬಲ್ ಕಿತ್ತ ಮೇಲೆಯೇ ಪದಗಳನ್ನು ಟೈಪ್ ಮಾಡಿ. ಎಂಟರಲ್ಲಿ ನಿಮ್ಮದು ಯಾವುದೆಂದು ತಿಳಿಯಲು ಹಿಂದೆ ಬಿಟ್‌ಕಾಯಿನ್ ಪಡೆದ ನಿಮ್ಮ ವಿಳಾಸ ಒಂದು ಬೇಕು. ಎಕ್ಸ್‌ಚೇಂಜ್‌ನಿಂದ (ನಾಣ್ಯ ಕೊಂಡು ಮಾರುವ ತಾಣ) ವಾಲೆಟ್‌ಗೆ ಕಳಿಸಿದ್ದರೆ ಅಲ್ಲಿನ ವಿತ್‌ಡ್ರಾ ಚರಿತ್ರೆಯಲ್ಲಿ ಸಿಗುತ್ತದೆ.

ಟೆಲಿಗ್ರಾಮ್‌ನಲ್ಲಿ ‘ವಾಲೆಟ್ ರಿಕವರಿ ತಜ್ಞರು’ ಸಾಲುಗಟ್ಟಿ ನಿಂತಿರುತ್ತಾರೆ. ಅವರಿಗೆ 23 ಪದ ಕೊಟ್ಟರೆ 24 ಕೊಟ್ಟಂತೆಯೇ. ಏಕೆಂದರೆ ಈಗ ಹೇಳಿದ ಲೆಕ್ಕ ಅವರಿಗೂ ಬರುತ್ತದೆ.

ಹಣ ಸಿಕ್ಕ ಮೇಲೆ ಆ ಪದಗಳನ್ನೇ ಮುಂದುವರಿಸಬೇಡಿ. ಕಂಪ್ಯೂಟರಿನಲ್ಲಿ ಒಮ್ಮೆ ಟೈಪ್ ಆದ ಪದಗಳವು. ವಾಲೆಟ್‌ನಲ್ಲಿ ಹೊಸ 24 ಪದ ಹುಟ್ಟಿಸಿ, ಅದರ ವಿಳಾಸಕ್ಕೆ ಎಲ್ಲವನ್ನೂ ಕಳಿಸಿ.

ಇನ್ನು ಜೋಪಾನದ ಮಾತು. ನಮ್ಮ ಮಲೆನಾಡಿನಲ್ಲಿ ಕಾಗದಕ್ಕೆ ಬೂಷ್ಟು, ಗೆದ್ದಲು ಎರಡೂ ಶತ್ರು. ಹಲವು ಜೆಲ್ ಪೆನ್ನುಗಳ ಶಾಯಿ ನೀರಿಗೆ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಲ್ಯಾಮಿನೇಶನ್ ಅಂಚು ಬಿಟ್ಟರೆ ಒಳಗೇ ತೇವ ನಿಲ್ಲುತ್ತದೆ. ಎಲ್ಲಕ್ಕಿಂತ ವಾಸಿ ಸ್ಟೇನ್‌ಲೆಸ್ ಸ್ಟೀಲ್ ತಗಡು: 304 ದರ್ಜೆಯದು, 2 ಮಿ.ಮೀ. ದಪ್ಪ. ಹಾರ್ಡ್‌ವೇರ್ ಅಂಗಡಿಯಲ್ಲಿ 3 ಅಥವಾ 4 ಮಿ.ಮೀ. ಅಕ್ಷರದ ಪಂಚ್ ಸೆಟ್ ಕೇಳಿ. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸಾಕು, ಹೆಚ್ಚೆಂದರೆ 96 ಏಟು. ಎದುರಿಗೆ ಕ್ರಮಸಂಖ್ಯೆ ಇರಲಿ. ಅಲ್ಯೂಮಿನಿಯಂ ಬೇಡ, 660 ಡಿಗ್ರಿಗೇ ಕರಗುತ್ತದೆ. ಸ್ಟೀಲ್ ಸುಮಾರು 1400ರವರೆಗೆ ನಿಲ್ಲುತ್ತದೆ. ವರ್ಕ್‌ಶಾಪಿನವರ ಕೈಲಿ ಹೊಡೆಸಬೇಡಿ, ತಡವಾದರೂ ಮನೆಯಲ್ಲೇ ಕೂತು ನೀವೇ ಹೊಡೆಯಿರಿ. ಕೆಲಸ ಮುಗಿದ ಮೇಲೆ, ವಾಲೆಟ್‌ನಲ್ಲಿ ಚಿಲ್ಲರೆ ಮೊತ್ತ ಮಾತ್ರ ಇರುವಾಗಲೇ, ಬೇಕೆಂದೇ ಅಳಿಸಿ, ತಗಡು ನೋಡಿಕೊಂಡು ಮತ್ತೆ ತೆರೆಯಿರಿ. ದೊಡ್ಡ ಮೊತ್ತ ಅದಾದ ಮೇಲೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ವಾಲೆಟ್ ಸಿಕ್ಕಿತು. ಸೀಲ್ ಹಾಗೇ ಇದೆ. ಡಬ್ಬಿಯಲ್ಲೇ ಪಿನ್, ಗೀಚಿದರೆ ಪದಗಳು ಕಾಣುವ ಕಾರ್ಡ್ ಇವೆ. ಪಿನ್ ಬದಲಿಸಿ ಬಳಸಬಹುದೇ?
– ಓದುಗರು, ಹಾಸನ

ಉತ್ತರ: ಬೇಡ. ಪದಗಳು ವಾಲೆಟ್‌ನೊಳಗೇ, ನಿಮ್ಮ ಕಣ್ಣೆದುರೇ ಹುಟ್ಟಬೇಕು; ಅದರ ಪುಟ್ಟ ಪರದೆಯಲ್ಲಿ ಬಿಟ್ಟು ಬೇರೆಲ್ಲೂ ಕಾಣಿಸಬಾರದು. ಕಾರ್ಡ್ ಮುದ್ರಿಸಿದವನ ಬಳಿ ಅದರ ಪ್ರತಿ ಇದ್ದೇ ಇರುತ್ತದೆ. ನೀವು ಹಣ ಹಾಕುವುದನ್ನೇ ಕಾಯುತ್ತಾನೆ. ಪಿನ್ ಬದಲಿಸಿ ಪ್ರಯೋಜನವಿಲ್ಲ, ಅದು ಆ ಒಂದು ಸಾಧನದ ಚಿಲಕ ಅಷ್ಟೆ. ಸೀಲನ್ನೂ ನಂಬಬೇಡಿ. 2020ರಲ್ಲಿ ಲೆಡ್ಜರ್‌ನ ಗ್ರಾಹಕರ ವಿವರ ಸೋರಿದ ಮೇಲೆ, ಮರುವರ್ಷ ಕೆಲವರ ಮನೆಗೆ ಪ್ಲಾಸ್ಟಿಕ್ ಸುತ್ತಿದ ನಕಲಿ ವಾಲೆಟ್‌ಗಳೇ ಅಂಚೆಯಲ್ಲಿ ಬಂದವು. ತಯಾರಕರಿಂದಲೇ ನೇರವಾಗಿ ತರಿಸಿ. ಅರ್ಧ ಬೆಲೆಯದನ್ನು ಎಸೆಯಿರಿ.

ಪ್ರಶ್ನೆ: ಎಕ್ಸ್‌ಚೇಂಜ್‌ನಿಂದ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯ) ಕಳಿಸಿದೆ. ‘ಕಂಪ್ಲೀಟೆಡ್’ ಅಂತಿದೆ, ವಾಲೆಟ್ ಆ್ಯಪ್‌ನಲ್ಲಿ ಸೊನ್ನೆ.
– ಓದುಗರು, ಸಕಲೇಶಪುರ

ಉತ್ತರ: ಬಹುಪಾಲು ನೆಟ್‌ವರ್ಕ್, ಅಂದರೆ ನಾಣ್ಯ ಸಾಗುವ ಬ್ಲಾಕ್‌ಚೈನ್, ಅದಲುಬದಲಾಗಿದೆ. ವಿತ್‌ಡ್ರಾ ಚರಿತ್ರೆಯಲ್ಲಿ ಯಾವ ನೆಟ್‌ವರ್ಕ್ ಆರಿಸಿದ್ದೀರಿ ನೋಡಿ. ‘0ಎಕ್ಸ್’ನಿಂದ ಶುರುವಾಗುವ ಒಂದೇ ವಿಳಾಸ ಇಥೀರಿಯಂ, ಪಾಲಿಗಾನ್, ಬಿಎನ್‌ಬಿ ಚೈನ್ ಮೂರರಲ್ಲೂ ನಿಮ್ಮದೇ, ಕೀಲಿಯೂ ಒಂದೇ. ಪಾಲಿಗಾನ್‌ಗೆ ಹೋಗಿದ್ದರೆ ಆ್ಯಪ್‌ನಲ್ಲಿ ಪಾಲಿಗಾನ್ ಖಾತೆ ಸೇರಿಸಿ, ಕಾಣುತ್ತದೆ. ಆದರೆ ಅಲ್ಲಿಂದ ಹೊರಗೆ ಕಳಿಸಲು ಆ ಚೈನ್‌ನ ಸ್ವಂತ ನಾಣ್ಯ, ಅಂದರೆ ಪಿಒಎಲ್, ಶುಲ್ಕಕ್ಕೆ ಬೇಕು. ಸಾವಿರ ಯುಎಸ್‌ಡಿಟಿ ಇದ್ದರೂ ಅದಿಲ್ಲದೆ ಒಂದೂ ಅಲುಗುವುದಿಲ್ಲ. ಟ್ರಾನ್ ಎಂಬ ಇನ್ನೊಂದು ನೆಟ್‌ವರ್ಕ್‌ನ ವಿಳಾಸ ‘ಟಿ’ಯಿಂದ ಶುರುವಾಗುತ್ತದೆ, ಶುಲ್ಕಕ್ಕೆ ಅದರ ನಾಣ್ಯ ಟಿಆರ್‌ಎಕ್ಸ್ ಬೇಕು.

ಮುಂದಿನ ಸಲ ಮೊದಲು ಸಣ್ಣ ಮೊತ್ತ ಕಳಿಸಿ ನೋಡಿ. ಹಳೆಯ ವಹಿವಾಟಿನ ಪಟ್ಟಿಯಿಂದ ವಿಳಾಸ ನಕಲಿಸಬೇಡಿ: ಮೊದಲ ಮತ್ತು ಕೊನೆಯ ನಾಲ್ಕು ಅಕ್ಷರ ನಿಮ್ಮದರಂತೆಯೇ ಇರುವ ವಿಳಾಸದಿಂದ ಪುಡಿಗಾಸು ಕಳಿಸಿ, ನೀವು ಅದನ್ನೇ ನಕಲಿಸಲಿ ಎಂದು ಕಾಯುವವರಿದ್ದಾರೆ. ವಾಲೆಟ್‌ನ ಪರದೆಯ ಮೇಲೆ ಪೂರ್ತಿ ವಿಳಾಸ ಓದಿ, ನಡುವಿನ ಅಕ್ಷರಗಳನ್ನೂ.

ಪ್ರಶ್ನೆ: 24 ಪದಗಳ ಮೇಲೆ ‘25ನೇ ಪದ’ ಸೇರಿಸಬೇಕೇ?
– ಓದುಗರು, ಕಡೂರು

ಉತ್ತರ: ನಮ್ಮ ಅಭಿಪ್ರಾಯದಲ್ಲಿ ಹೊಸಬರಿಗೆ ಬೇಡ. ನೀವೇ ಆರಿಸಿ ಸೇರಿಸುವ ಈ ಗುಪ್ತಪದ (ಪಾಸ್‌ಫ್ರೇಸ್) ತಪ್ಪಾದರೆ ‘ತಪ್ಪು’ ಎಂದು ಹೇಳುವುದೇ ಇಲ್ಲ, ಇನ್ನೊಂದು ಖಾಲಿ ವಾಲೆಟ್ ತೆರೆಯುತ್ತದೆ. ದೊಡ್ಡಕ್ಷರ, ಸಣ್ಣಕ್ಷರ, ನಡುವಿನ ಖಾಲಿ ಜಾಗ ಎಲ್ಲವೂ ಲೆಕ್ಕಕ್ಕೆ. ಬಳಸಲೇಬೇಕೆಂದಿದ್ದರೆ ತಗಡಿನಿಂದ ದೂರದ ಬೇರೆ ಜಾಗದಲ್ಲಿ ಬರೆದಿಡಿ.

ಪ್ರಶ್ನೆ: ಎಕ್ಸ್‌ಚೇಂಜ್‌ನಿಂದ ನನ್ನದೇ ವಾಲೆಟ್‌ಗೆ ಸಾಗಿಸಿದರೆ ತೆರಿಗೆ ಉಂಟೇ?
– ಓದುಗರು, ಬೇಲೂರು

ಉತ್ತರ: ಅದು ಮಾರಾಟವಲ್ಲ, ಆದ್ದರಿಂದ ಇಲ್ಲ. ಮಾರಿದಾಗ ಲಾಭದ ಮೇಲೆ ಶೇ. 30, ಅದರ ಮೇಲೆ ಸೆಸ್ ಶೇ. 4; ಇದು 2022ರ ಏಪ್ರಿಲ್ 1ರಿಂದ ಇದೆ. ಅದೇ ವರ್ಷದ ಜುಲೈ 1ರಿಂದ ಶೇ. 1 ಟಿಡಿಎಸ್ ಕೂಡ. ಕೊಂಡ ಬೆಲೆಯೊಂದನ್ನೇ ಕಳೆಯಲು ಅವಕಾಶ, ಹಾಗಾಗಿ ಎಕ್ಸ್‌ಚೇಂಜ್‌ನ ಸ್ಟೇಟ್‌ಮೆಂಟನ್ನು ಇವತ್ತೇ ಇಳಿಸಿಟ್ಟುಕೊಳ್ಳಿ. ನಾಳೆ ಆ ಎಕ್ಸ್‌ಚೇಂಜ್ ಬಾಗಿಲು ಹಾಕಿದರೆ, ಕೊಂಡ ಬೆಲೆ ತೋರಿಸಲು ನಿಮ್ಮ ಬಳಿ ಬೇರೆ ಕಾಗದ ಇರುವುದಿಲ್ಲ.