ರಷ್ಯಾದ ಕ್ಯಾನ್ಸರ್ ಲಸಿಕೆ ಬಾಗಲಕೋಟೆಗೆ ಯಾವಾಗ ಬರುತ್ತದೆ? ಕಾಕಾನ ಆಪರೇಷನ್ ಅಲ್ಲಿಯವರೆಗೆ ಮುಂದಕ್ಕೆ ಹಾಕಬಹುದಾ?

ಹಾಕಬೇಡಿ. ಕಾಕಾಗೆ ಬಾಯಿ ಕ್ಯಾನ್ಸರ್, ಆಪರೇಷನ್ ದಿನವೂ ಗೊತ್ತಾಗಿದೆ ಅಂತ ಬರೆದಿದ್ದೀರಿ. ಆ ದಿನ ತಪ್ಪಿಸಬೇಡಿ.

ನವನಗರದಲ್ಲಿ ನನ್ನದು ಮೆಡಿಕಲ್ ಶಾಪ್. ರಷ್ಯಾದ ಲಸಿಕೆಯಿಂದ ಕ್ಯಾನ್ಸರ್ ನೂರಕ್ಕೆ ನೂರು ಗುಣ ಅನ್ನುವ, ನೀವು ನೋಡಿದ ವಾಟ್ಸಾಪ್ ಮೆಸೇಜನ್ನೇ ತೋರಿಸಿ "ಇದನ್ನ ತರಿಸಿಕೊಡ್ರೀ" ಅನ್ನುವವರು ಇಲ್ಲಿಗೂ ಬರುತ್ತಾರೆ. ಲಸಿಕೆ ಮಾಡಿದ್ದೇವೆ, ನಮ್ಮ ರೋಗಿಗಳಿಗೆ ಪುಕ್ಕಟೆ ಕೊಡುತ್ತೇವೆ ಅಂತ 2024ರ ಡಿಸೆಂಬರ್‌ನಲ್ಲಿ ರಷ್ಯಾ ಹೇಳಿದ್ದು ನಿಜ. ಆದರೆ "ನೂರಕ್ಕೆ ನೂರು ಗುಣ" ಅನ್ನುವುದಕ್ಕೆ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಆಧಾರವಿಲ್ಲ.

ಇನ್ನೊಂದು ವಿಷಯ ಮನೆಯವರಿಗೆ ಹೇಳಿ. ಈ ಹೊಸ ಲಸಿಕೆ ಅಳತೆ ಕೊಟ್ಟು ಹೊಲಿಸುವ ಅಂಗಿಯ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಆಗದು. ಮೊದಲು ಗಡ್ಡೆ ತೆಗೆದು ಅದರ ಜೀನ್ ಓದುತ್ತಾರೆ. ಆ ಗಡ್ಡೆಯಲ್ಲಿ ಮಾತ್ರ ಇರುವ ಗುರುತುಗಳನ್ನು ಆರಿಸಿ ಎಂಆರ್‌ಎನ್‌ಎಯಲ್ಲಿ, ಅಂದರೆ ಏನು ತಯಾರಿಸಬೇಕು ಅಂತ ಮೈಯ ಜೀವಕೋಶಗಳಿಗೆ ಹೇಳುವ ಚೀಟಿಯಂಥ ವಸ್ತುವಿನಲ್ಲಿ, ಬರೆಯುತ್ತಾರೆ. ಇದೇ ಬಗೆಯ, ಅಮೆರಿಕದ ಮಾಡರ್ನಾ ಮತ್ತು ಮರ್ಕ್ ಕಂಪನಿಗಳ ಲಸಿಕೆಯಲ್ಲಿ ಇಂಥ 34 ಗುರುತುಗಳವರೆಗೆ ಇರುತ್ತವೆ. ಎಂಆರ್‌ಎನ್‌ಎ ಹಾಗೇ ಚುಚ್ಚಿದರೆ ಮೈಯೊಳಗೆ ಬೇಗ ಒಡೆದು ಹೋಗುತ್ತದೆ. ಅದಕ್ಕೇ ಕೊಬ್ಬಿನ ಅತಿ ಸಣ್ಣ ಗುಳ್ಳೆಗಳಲ್ಲಿ ಸುತ್ತಿ ಕೊಡುತ್ತಾರೆ. ಉಳಿದ ಕ್ಯಾನ್ಸರ್ ಕಣಗಳನ್ನು ಗುರುತು ಹಿಡಿಯಲು ಮೈಯ ರೋಗನಿರೋಧಕ ಶಕ್ತಿ ಇದರಿಂದ ಕಲಿಯಬೇಕು. ಅಂದರೆ ಆಪರೇಷನ್ ತಪ್ಪಿಸುವ ಲಸಿಕೆ ಇದಲ್ಲ, ಆಪರೇಷನ್ ಆದ ಮೇಲೆಯೇ ಇದರ ಕೆಲಸ ಶುರು.

ಫಲ ಇದೆಯಾ? ಇದೆ. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ಗೆ ಆಪರೇಷನ್ ಆದ 157 ಜನರ ಮೇಲೆ ಮಾಡರ್ನಾ-ಮರ್ಕ್ ಲಸಿಕೆಯ ಪರೀಕ್ಷೆ ನಡೆದಿತ್ತು. ಕ್ಯಾನ್ಸರ್ ವಿರುದ್ಧ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಕೀಟ್ರೂಡಾ ಔಷಧಿಯೊಂದನ್ನೇ ಪಡೆದವರಿಗಿಂತ, ಜೊತೆಗೆ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರಳುವ ಅಥವಾ ಸಾಯುವ ಅಪಾಯ ಶೇಕಡಾ 44ರಷ್ಟು ಕಡಿಮೆ ಇತ್ತು. ಸಣ್ಣ ಸುದ್ದಿಯೇನಲ್ಲ. ಆದರೆ ಬಾಯಿ ಕ್ಯಾನ್ಸರ್‌ಗೂ ಅದೇ ಲೆಕ್ಕ ಹಚ್ಚಲು ಬರುವುದಿಲ್ಲ.

ಅಂಗಡಿಯಲ್ಲಿ ಸಿಗುವುದು ಎಚ್‌ಪಿವಿ ಅನ್ನುವ ವೈರಸ್ ತಡೆಯುವ ಲಸಿಕೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ 2023ರಲ್ಲಿ ಬಂತು. ಅದು ಗರ್ಭಕಂಠದ ಕ್ಯಾನ್ಸರ್ ಬಾರದಂತೆ ತಡೆಯಲು ಇರುವುದು, ಬಂದ ರೋಗಕ್ಕಲ್ಲ. ಕಾಕಾಗೆ ಉಪಯೋಗವಿಲ್ಲ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಡಾಕ್ಟರನ್ನು ಕೇಳಿ.

ಎರಡನೇ ಅಭಿಪ್ರಾಯ ಬೇಕಾದರೆ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬನ್ನಿ (ಅದೂ ನವನಗರದಲ್ಲೇ ಇದೆ, ಅಲ್ಲಿಯ ನವನಗರ!). ಬಯಾಪ್ಸಿ ರಿಪೋರ್ಟ್, ಬಿಪಿಎಲ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಮರೆಯಬೇಡಿ. ಕಾಕಾ ಇನ್ನೂ ಗುಟ್ಕಾ ಬಿಟ್ಟಿಲ್ಲ ಅಂದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಆಪರೇಷನ್ ಗಾಯ ಮಾಯಲು ಅದು ಅಡ್ಡ ಬರುತ್ತದೆ.