ವಿಟಮಿನ್ ಮಾತ್ರೆಯಿಂದ ಸ್ತನ ಕ್ಯಾನ್ಸರ್ ತಡೆಯಬಹುದೇ?

ತಾಯಿಗೆ ಸ್ತನ ಕ್ಯಾನ್ಸರ್ ಆಗಿರುವುದರಿಂದ ತಾವು ಈಗಿನಿಂದಲೇ ವಿಟಮಿನ್ ಮಾತ್ರೆ ತೆಗೆದುಕೊಳ್ಳಬೇಕೇ ಎಂದು ದಾವಣಗೆರೆಯಿಂದ ಕೇಳಿದ್ದೀರಿ. ಕೊರತೆ ಇಲ್ಲದವರಿಗೆ ಮಾತ್ರೆಯಿಂದ ಇಂಥ ರಕ್ಷಣೆ ಸಿಗುತ್ತದೆ ಎನ್ನಲು ಆಧಾರವಿಲ್ಲ. ಅಮೆರಿಕದಲ್ಲಿ 25,871 ಜನರನ್ನು ಸೇರಿಸಿಕೊಂಡು ನಡೆದ ‘ವೈಟಲ್’ ಪ್ರಯೋಗದಲ್ಲಿ ದಿನಕ್ಕೆ 2,000 ಐಯು (ವಿಟಮಿನ್ ಪ್ರಮಾಣದ ಅಂತರರಾಷ್ಟ್ರೀಯ ಮಾನ) ವಿಟಮಿನ್ ಡಿ ಯನ್ನು ಸುಮಾರು ಐದು ವರ್ಷ ಕೊಟ್ಟರೂ ಸ್ತನ ಕ್ಯಾನ್ಸರ್ ಕಡಿಮೆಯಾಗಲಿಲ್ಲ.

ಆಹಾರದ ಮಾತು ಬೇರೆ. ರಕ್ತದಲ್ಲಿ ಕ್ಯಾರೊಟಿನಾಯ್ಡ್ (ಸೊಪ್ಪು ತರಕಾರಿಯಲ್ಲಿರುವ ಹಳದಿ, ಕೆಂಪು ಬಣ್ಣದ ವಸ್ತುಗಳು) ಅಂಶ ಹೆಚ್ಚಿರುವ ಮಹಿಳೆಯರಲ್ಲಿ ಈ ಕಾಯಿಲೆ ತುಸು ಕಡಿಮೆ ಕಂಡುಬಂದಿದೆಯಾದರೂ, ಅದು ಸೊಪ್ಪು ತರಕಾರಿಯ ಗುಣವೋ ಅವನ್ನು ತಿನ್ನುವವರ ಒಟ್ಟು ಜೀವನಕ್ರಮದ ಗುಣವೋ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಇದೇ ಗುಂಪಿನ ಬೀಟಾ ಕ್ಯಾರೊಟಿನ್ ಅನ್ನು ಮಾತ್ರೆಯಾಗಿ ಕೊಟ್ಟಾಗ ಫಿನ್ಲೆಂಡಿನ ಧೂಮಪಾನಿ ಪುರುಷರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತೆಂದು 1994ರಲ್ಲೇ ವರದಿಯಾಗಿದೆ.

ಚಿತ್ರದುರ್ಗದ ಕಡೆ ಮುದ್ದೆಗೆ ಮಾಡುವ ಬಸ್ಸಾರನ್ನೇ ನೋಡಿ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವುದರಿಂದ, ನೀರಿಗೆ ಇಳಿದ ಫೋಲೇಟ್ (ಒಂದು ಬಿ ವಿಟಮಿನ್) ಬಹುಪಾಲು ತಟ್ಟೆಗೇ ಬರುತ್ತದೆ, ಬಸಿದ ಸೊಪ್ಪಿನ ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ ಬಿದ್ದರೆ ಕ್ಯಾರೊಟಿನ್ ಮೈಗೆ ಹತ್ತುವುದೂ ಸುಲಭ (ಬೆಣ್ಣೆ ದೋಸೆಗೆ ಇದನ್ನೇ ನೆಪ ಮಾಡಿಕೊಳ್ಳಬೇಡಿ). ಆದರೆ ಇದು ಒಳ್ಳೆಯ ಊಟವೇ ಹೊರತು ಕ್ಯಾನ್ಸರ್ ತಡೆಯುವ ಮದ್ದಲ್ಲ.

ಮದ್ಯಪಾನ ಮತ್ತು ಮುಟ್ಟು ನಿಂತ ಮೇಲಿನ ಅಧಿಕ ತೂಕ ಅಪಾಯವನ್ನು ಹೆಚ್ಚಿಸುತ್ತವೆ. ಮಗುವಿಗೆ ಹಾಲೂಡಿಸುವುದು, ವ್ಯಾಯಾಮ ತಗ್ಗಿಸುತ್ತವೆ. ನಿಮ್ಮ ತಾಯಿಗೆ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದಿದ್ದರೆ, ಔಷಧಿ ಅಂಗಡಿಗೆ ಹೋಗುವ ಮೊದಲು ವೈದ್ಯರನ್ನು ಕಂಡು, ತಪಾಸಣೆಯನ್ನು ಯಾವ ವಯಸ್ಸಿನಿಂದ ಆರಂಭಿಸಬೇಕು, ವಂಶವಾಹಿ ಪರೀಕ್ಷೆ ಅಗತ್ಯವೇ ಎಂದು ವಿಚಾರಿಸಿ.